ಕೊಹಿನೂರ: ಊರೂ ಹರಳೂ



ಇತಿಹಾಸದ ಹೆಸರಿನಲ್ಲಿ ನಮ್ಮ ನಡುವೆ ಓಡಾಡುತ್ತಿರುವ ತಪ್ಪು ಕಥೆಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನಗೆ ಸೂಚನೆ ಬಂದಾಗ, ಅಂಥ ಕಥೆಗಳನ್ನು ಹುಡುಕಿಕೊಂಡು ನಾನು ದೂರ ಹೋಗಬೇಕಾಗಲಿಲ್ಲ. ಅವುಗಳಲ್ಲೊಂದನ್ನು ಕಟ್ಟಿದವನು ನಾನೇ. ಆದ್ದರಿಂದ ಈ ಭಾಷಣವನ್ನು ಒಬ್ಬ ನಿವೃತ್ತ ಅಧ್ಯಾಪಕನ ತಪ್ಪೊಪ್ಪಿಗೆಯೆಂದು ತಿಳಿದು ಕೇಳಬೇಕೆಂದು ಬೇಡುತ್ತೇನೆ.

ಬೀದರ ಜಿಲ್ಲೆಯ ಬಸವಕಲ್ಯಾಣ ತಾಲೂಕಿನಲ್ಲಿ ಕೊಹಿನೂರ ಎಂಬ ಊರಿದೆ. ಹೆಸರು ಕಿವಿಗೆ ಬಿದ್ದೊಡನೆ ಹೊರಗಿನವರ ಹುಬ್ಬು ಮೇಲೇರುತ್ತದೆ. ಲಂಡನ್ನಿನ ಗೋಪುರದಲ್ಲಿ, ರಾಣಿಯ ಕಿರೀಟದಲ್ಲಿರುವ ವಜ್ರದ ಹೆಸರು ಜೋಳ ತೊಗರಿ ಬೆಳೆಯುವ ನಮ್ಮ ಕಡೆಯ ಒಂದು ಹಳ್ಳಿಗೆ ಹೇಗೆ ಬಂತು ಎಂದು ಅವರು ಕೇಳುತ್ತಾರೆ. 1987ರಲ್ಲಿ ನಾನಿನ್ನೂ ಹೊಸ ಅಧ್ಯಾಪಕ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆಂದು ವಿದ್ಯಾರ್ಥಿಗಳನ್ನು ಕರೆದುಕೊಂಡು ಆ ಊರಿಗೆ ಹೋಗಿದ್ದೆ. ಹತ್ತು ದಿನ ರಸ್ತೆ ಸರಿಪಡಿಸಿ, ಚರಂಡಿ ತೋಡಿ, ಕೊನೆಯ ರಾತ್ರಿ ಊರವರೆಲ್ಲ ಸೇರಿದ ಸಭೆಯಲ್ಲಿ ನಾನು ಸಮಾರೋಪದ ಭಾಷಣ ಮಾಡಿದೆ. ಕನ್ನಡ ಎಂ.ಎ. ಮಾಡಿದವನಿಗೆ ಮಾತಿಗೇನು ಬರ? "ನಿಮ್ಮದು ಸಾಮಾನ್ಯವಾದ ಊರಲ್ಲ. ಜಗತ್ತು ಬೆರಗಾದ ಕೊಹಿನೂರ್ ವಜ್ರ ಹುಟ್ಟಿದ್ದು ಈ ಮಣ್ಣಿನಲ್ಲಿ. ಅದು ಕಲ್ಯಾಣದ ಚಕ್ರವರ್ತಿ ವಿಕ್ರಮಾದಿತ್ಯನ ಭಂಡಾರದಲ್ಲಿತ್ತು. ಅವನ ವಂಶದವರಿಂದ ಅದು ಮೊಗಲರ ಕೈಗೆ ಹೋಯಿತು" ಎಂದು ಘೋಷಿಸಿಬಿಟ್ಟೆ. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಸಭೆ ಮುಗಿದ ಮೇಲೆ ಹಿರಿಯ ರೈತರೊಬ್ಬರು ಹತ್ತಿರ ಬಂದು ಕೈಮುಗಿದು ಕೇಳಿದರು: "ಗುರುಗಳೆ, ಭಾಳ ಛಲೋ ಹೇಳಿದ್ರಿ. ಖರೆ ಒಂದು ಮಾತು. ಆ ಹರಳು ಯಾವ ಹೊಲದಾಗ ಸಿಕ್ತ್ರಿ? ಸರ್ವೆ ನಂಬರ್ ಏನರ ಅದ ಏನ್ರಿ?" ಸುತ್ತ ನಿಂತಿದ್ದವರು ನಕ್ಕರು, ನಾನೂ ನಕ್ಕೆ. ಅವರು ಮಾತ್ರ ನಗಲಿಲ್ಲ. ಉತ್ತರಕ್ಕಾಗಿ ಒಂದು ಕ್ಷಣ ಕಾದು, ಇನ್ನೊಮ್ಮೆ ಕೈಮುಗಿದು ಹೋದರು. ಆ ದಿನ ಅದನ್ನು ಹಳ್ಳಿಗನೊಬ್ಬನ ಮುಗ್ಧ ಪ್ರಶ್ನೆಯೆಂದು ತಿಳಿದೆ. ಇತಿಹಾಸವನ್ನು ಕುರಿತು ಕೇಳಬಹುದಾದ ಅತ್ಯಂತ ಸರಿಯಾದ ಪ್ರಶ್ನೆ ಅದೆಂದು ಅರಿವಾಗಲು ನನಗೆ ಇಪ್ಪತ್ತು ವರ್ಷ ಹಿಡಿಯಿತು.

2009ರಲ್ಲಿ ಒಮ್ಮೆ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಮುಂದಿನ ಸೀಟಿನಲ್ಲಿ ಕುಳಿತ ಯುವಕನೊಬ್ಬ, ದಕ್ಷಿಣದ ಯಾವುದೋ ಊರಿನಿಂದ ಯಾತ್ರೆಗೆ ಬಂದಿದ್ದವರಿಗೆ ನನ್ನ ಕಥೆಯನ್ನೇ ಹೇಳುತ್ತಿದ್ದ. ಅವರು ಸಂದೇಹಪಟ್ಟಾಗ ಅವನು, "ನಮ್ಮಪ್ಪ ಕಿವಿಯಾರೆ ಕೇಳ್ಯಾರ್ರಿ. ಕಾಲೇಜಿನ ಪ್ರೊಫೆಸರ್ ಒಬ್ಬರು ನಮ್ಮೂರಾಗ ಬಂದು ಸಭಾದಾಗ ಹೇಳ್ಯಾರ" ಎಂದ. ಸಂದೇಹ ಅಲ್ಲಿಗೆ ಅಡಗಿತು. ಹಿಂದೆಯೇ ಕುಳಿತಿದ್ದ ಆ ಪ್ರೊಫೆಸರ್ ಬಾಯಿ ಬಿಡಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಊರು ತಲುಪಿದ. ತಪ್ಪು ಹೇಳಿದ್ದು ವಯಸ್ಸಿನ ಹುಮ್ಮಸ್ಸು ಎಂದು ಕ್ಷಮಿಸಬಹುದು. ತಿಳಿದ ಮೇಲೂ ಸುಮ್ಮನಿದ್ದುದಕ್ಕೆ ಕ್ಷಮೆಯಿಲ್ಲ. ಇಂದಿನ ಮಾತು ಆ ಮೌನದ ಪ್ರಾಯಶ್ಚಿತ್ತ.

ನಾನು ಆ ಕಥೆಯನ್ನು ಹೇಗೆ ಕಟ್ಟಿದೆ ಎಂಬುದನ್ನು ಮೊದಲು ಬಿಚ್ಚಿ ಹೇಳುತ್ತೇನೆ. ಏಕೆಂದರೆ ಇತಿಹಾಸದ ಬಹುಪಾಲು ತಪ್ಪು ಕಥೆಗಳು ಹುಟ್ಟುವುದು ಇದೇ ಕ್ರಮದಲ್ಲಿ. ಶುದ್ಧ ಸುಳ್ಳಿನಿಂದ ಅವು ಹುಟ್ಟುವುದು ಅಪರೂಪ. ಒಂದೊಂದೂ ನಿಜವಾದ ಎರಡು ಮೂರು ಸಂಗತಿಗಳನ್ನು ಸಲ್ಲದ ದಾರದಲ್ಲಿ ಪೋಣಿಸಿದಾಗ ಅವು ಹುಟ್ಟುತ್ತವೆ. ನನ್ನ ಕೈಯಲ್ಲಿ ಮೂರು ಮಣಿಗಳಿದ್ದವು. ಕೊಹಿನೂರ ಎಂಬ ಹೆಸರಿನ ಊರು ಇದೆ ಎಂಬುದು ಒಂದು. ಕಲ್ಯಾಣದಲ್ಲಿ ವಿಕ್ರಮಾದಿತ್ಯನೆಂಬ ದೊಡ್ಡ ದೊರೆ ಆಳಿದ ಎಂಬುದು ಎರಡನೆಯದು. 1526ರಲ್ಲಿ ವಿಕ್ರಮಾದಿತ್ಯನೆಂಬ ರಾಜನ ಮನೆಯವರಿಂದ ಒಂದು ಮಹಾವಜ್ರ ಮೊಗಲರಿಗೆ ದೊರಕಿತೆಂದು ಬಾಬರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ ಎಂಬುದು ಮೂರನೆಯದು. ಮೂರೂ ನಿಜ. ಅವುಗಳ ನಡುವೆ ನಾನು ಎಳೆದ ದಾರ ಮಾತ್ರ ಹುಸಿ.

ಮೊದಲು ವಿಕ್ರಮಾದಿತ್ಯನ ವಿಚಾರ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟವೇರಿ 1126ರಲ್ಲಿ ತೀರಿಕೊಂಡ. ಬಾಬರ್ ಹೇಳುವ ವಿಕ್ರಮಾದಿತ್ಯ ಗ್ವಾಲಿಯರಿನ ತೋಮರ ವಂಶದವನು. ಇಬ್ರಾಹಿಂ ಲೋದಿಯ ಪಕ್ಷದಲ್ಲಿ ನಿಂತು 1526ರ ಪಾಣಿಪತ್ ಯುದ್ಧದಲ್ಲಿ ಮಡಿದವನು. ಇಬ್ಬರ ಸಾವಿನ ನಡುವೆ ಸರಿಯಾಗಿ ನಾನೂರು ವರ್ಷಗಳ ಅಂತರವಿದೆ. ವಂಶ ಬೇರೆ, ನಾಡು ಬೇರೆ. ಆಗ್ರಾದಲ್ಲಿದ್ದ ಆ ರಾಜನ ಮನೆಯವರು ವಜ್ರವನ್ನು ಹುಮಾಯೂನನಿಗೆ ಒಪ್ಪಿಸಿದರು. ಹುಮಾಯೂನ್ ಅದನ್ನು ತಂದೆಯ ಮುಂದಿಟ್ಟ, ತಂದೆ ಮಗನಿಗೇ ಮರಳಿ ಕೊಟ್ಟ. ಬಾಬರನ ಬರಹದಲ್ಲಿ ಕೊಹಿನೂರ್ ಎಂಬ ಹೆಸರಿಲ್ಲ. ಆ ಹರಳೇ ಈ ಹರಳು ಎಂಬುದು ಅನಂತರದವರು ಮಾಡಿದ ಊಹೆ.

ಇಂಥದೇ ಇನ್ನೊಂದು ಗೊಂದಲ ನಮ್ಮ ಶಾಸನಗಳ ಓದಿನಲ್ಲೂ ಆಗುವುದುಂಟು. ಆರನೆಯ ವಿಕ್ರಮಾದಿತ್ಯ ಪಟ್ಟಕ್ಕೆ ಬಂದಾಗ ತನ್ನ ಹೆಸರಿನ ಹೊಸ ಶಕೆಯನ್ನು ಆರಂಭಿಸಿದ. ಅದು ಚಾಲುಕ್ಯ ವಿಕ್ರಮ ಶಕೆ. ಉತ್ತರ ಭಾರತದಲ್ಲಿ ಬಳಕೆಯಲ್ಲಿರುವ ವಿಕ್ರಮ ಸಂವತ್ಸರ ಕ್ರಿಸ್ತಪೂರ್ವ 57ರಿಂದ ಎಣಿಕೆಯಾಗುತ್ತದೆ. ನಮ್ಮ ಊರ ಗುಡಿಯ ಕಲ್ಲಿನಲ್ಲಿ ವಿಕ್ರಮ ವರ್ಷ ಎಂದು ಕಂಡೊಡನೆ ಉಜ್ಜಯಿನಿಯ ವಿಕ್ರಮಾದಿತ್ಯನೇ ಬಂದು ಕಟ್ಟಿಸಿದ್ದು ಎಂದರೆ ಗುಡಿಗೆ ಸಾವಿರ ವರ್ಷಕ್ಕೂ ಮಿಗಿಲಾದ ಹುಸಿ ವಯಸ್ಸು ಬರುತ್ತದೆ. ಹೆಸರು ಒಂದಾದ ಮಾತ್ರಕ್ಕೆ ವ್ಯಕ್ತಿ ಒಬ್ಬನೇ ಆಗಬೇಕಿಲ್ಲ. ಇದು ಮಕ್ಕಳಿಗೂ ಗೊತ್ತು. ಅಭಿಮಾನ ಬಂದಾಗ ದೊಡ್ಡವರಿಗೆ ಮರೆತುಹೋಗುತ್ತದೆ.

ಇನ್ನು ಮಣ್ಣಿನ ವಿಚಾರ. ಬೀದರ ಪ್ರಸ್ಥಭೂಮಿಯ ಮೈ ಎರಡು ಪದರಿನದು. ಮೇಲೆ ಕೆಂಪಾದ ಜಂಬಿಟ್ಟಿಗೆ, ಅದರ ಕೆಳಗೆ ಕಪ್ಪು ಬಸಾಲ್ಟ್ ಬಂಡೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖನ್ನಿನಲ್ಲಿ ಉಕ್ಕಿ ಹರಿದ ಲಾವಾ ಹೆಪ್ಪುಗಟ್ಟಿ ಈ ಬಂಡೆ ಆಯಿತು. ಎರೆಭೂಮಿ ಹುಟ್ಟಿದ್ದು ಇದು ಶಿಥಿಲವಾಗಿ. ಬೀದರಿನಲ್ಲಿ ನೆಲದಡಿ ಕೊರೆದ ಸುರಂಗ ಬಾವಿಗಳು ನೀರು ಕೊಟ್ಟದ್ದೂ ಈ ರಚನೆಯಿಂದಲೇ. ಜಂಬಿಟ್ಟಿಗೆಯಲ್ಲಿ ಇಂಗಿದ ನೀರನ್ನು ಕೆಳಗಿನ ಕರಿಬಂಡೆ ತಡೆದು ನಿಲ್ಲಿಸುತ್ತದೆ. ವಜ್ರದ ಹುಟ್ಟು ಇದಕ್ಕಿಂತ ಬೇರೆ. ಭೂಮಿಯ ಬಹಳ ಆಳದಿಂದ ಕಿಂಬರ್ಲೈಟ್ ಎಂಬ ಶಿಲೆ ಅದನ್ನು ಮೇಲಕ್ಕೆ ತರುತ್ತದೆ. ಆ ಶಿಲೆ ಸವೆದಾಗ ಹರಳುಗಳು ಹೊಳೆಯ ಗರಸಿನಲ್ಲಿ ಸೇರುತ್ತವೆ. ದಕ್ಷಿಣದಲ್ಲಿ ಅಂಥ ನೆಲವಿರುವುದು ಅನಂತಪುರದ ವಜ್ರಕರೂರಿನ ಸುತ್ತ ಮತ್ತು ಕೃಷ್ಣಾ ನದಿಯ ಕೆಳದಂಡೆಯಲ್ಲಿ. ನಮ್ಮ ಎರೆಹೊಲ ಎಷ್ಟು ಅಗೆದರೂ ವಜ್ರ ಕೊಡಲಾರದು. ಆ ಹಿರಿಯರ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ ಇದು: ಯಾವ ಸರ್ವೆ ನಂಬರೂ ಇಲ್ಲ.

ಆ ಕಾಲದ ಪ್ರಸಿದ್ಧ ಗಣಿ ಕೊಲ್ಲೂರು. ಇದು ಮೂಕಾಂಬಿಕೆಯ ಕೊಲ್ಲೂರಲ್ಲ. ಆಂಧ್ರದಲ್ಲಿ, ಹಿಂದೆ ಗುಂಟೂರು ಸೀಮೆಯೆನಿಸಿದ್ದ ಕಡೆ, ಕೃಷ್ಣೆಯ ದಂಡೆಯ ಮೇಲಿದ್ದ ಬೇರೆ ಊರು. ನೋಡಿ, ಇಲ್ಲಿಯೂ ಹೆಸರಿನ ಸಾಮ್ಯ ನಮ್ಮನ್ನು ಎಡವಿಸಲು ಕಾದು ಕುಳಿತಿದೆ. ಹದಿನೇಳನೆಯ ಶತಮಾನದಲ್ಲಿ ಆ ಗಣಿಯನ್ನು ಕಣ್ಣಾರೆ ಕಂಡ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ, ಅಲ್ಲಿ 60,000 ಜನ ದುಡಿಯುತ್ತಿದ್ದರೆಂದು ಬರೆದಿದ್ದಾನೆ. ಕೊಹಿನೂರದಿಂದ ಆ ಕೊಲ್ಲೂರು ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. "ಗೋಲ್ಕೊಂಡದ ಗಣಿ" ಎಂದು ನಾವು ಆಡುವ ಮಾತೂ ಹೀಗೆಯೇ ದಾರಿ ತಪ್ಪಿಸುವಂಥದು. ಗೋಲ್ಕೊಂಡದ ಕೋಟೆಯಲ್ಲಿ ಗಣಿ ಇರಲಿಲ್ಲ, ಪೇಟೆ ಇತ್ತು. ರಾಜ್ಯದ ದೂರದ ಗಣಿಗಳ ಹರಳು ಅಲ್ಲಿಗೆ ಬಂದು ಮಾರಾಟವಾಗುತ್ತಿತ್ತು. ಮಾರುವ ಊರಿನ ಹೆಸರು ಹುಟ್ಟಿದ ಊರಿನ ಹೆಸರನ್ನು ನುಂಗಿತು.

ಈಗ ಉಳಿದದ್ದು ಹೆಸರು. ಕೋಹ್ ಎಂದರೆ ಪಾರಸಿಯಲ್ಲಿ ಬೆಟ್ಟ, ನೂರ್ ಎಂದರೆ ಬೆಳಕು. ಕೋಹಿನೂರ್ ಎಂದರೆ ಬೆಳಕಿನ ಬೆಟ್ಟ. ನಮ್ಮ ಸೀಮೆಯಲ್ಲಿ ಊರ ಎಂದು ಮುಗಿಯುವ ಹೆಸರುಗಳಿಗೆ ಕೊರತೆಯಿಲ್ಲ. ನೆರೆಯ ಹುಲಸೂರ ಇದೆ, ಗಡಿಯಾಚೆ ಲಾತೂರ ಇದೆ. ಇನ್ನೊಂದು ಕಡೆ, ಬಹಮನಿಗಳ ಕಾಲದಿಂದ ನಿಜಾಮನ ಕಾಲದವರೆಗೆ ಪಾರಸಿ ಮತ್ತು ಉರ್ದು ಇಲ್ಲಿಯ ಕಚೇರಿಯ ಭಾಷೆಗಳಾಗಿದ್ದವು. ಆದ್ದರಿಂದ ಕಿವಿಯೊಂದನ್ನೇ ನಂಬಿ ಈ ಹೆಸರಿನ ಕುಲ ಗೊತ್ತುಮಾಡುವುದು ತರವಲ್ಲ. ಆದರೆ ವಜ್ರದ ಪ್ರಶ್ನೆಗೆ ಅದರ ಅಗತ್ಯವೂ ಇಲ್ಲ. ವಜ್ರವನ್ನು ಕೋಹಿನೂರ್ ಎಂದು ಹೆಸರಿಸಿ ಬರೆದವರಲ್ಲಿ ಮೊದಲಿಗನು, ನಾದಿರ್ ಷಾಹನ ಚರಿತ್ರಕಾರ ಮಹಮ್ಮದ್ ಕಾಜಿಂ ಮರ್ವಿ. ಅದು ಹದಿನೆಂಟನೆಯ ಶತಮಾನದ ಬರಹ. ಊರಿನ ಹೆಸರು ಅದಕ್ಕಿಂತ ಹಳೆಯದಾದರೆ ಅದು ವಜ್ರದಿಂದ ಬಂದುದಲ್ಲ. ಅದಕ್ಕಿಂತ ಹೊಸದಾದರೆ, ಆಗಲೇ ಹೆಸರಾಗಿದ್ದ ವಜ್ರದ ನೆನಪಿನಲ್ಲಿ ಯಾರೋ ಇಟ್ಟಿರಬಹುದೇ ಹೊರತು ವಜ್ರ ಇಲ್ಲಿ ಹುಟ್ಟಿದ್ದಕ್ಕೆ ಅದು ಸಾಕ್ಷಿಯಲ್ಲ. ಪೆನ್ಸಿಲಿನ ಮೇಲೆಯೂ ಅದೇ ಹೆಸರಿದೆ; ಪೆನ್ಸಿಲಿನ ಕಾರ್ಖಾನೆಯಲ್ಲಿ ವಜ್ರ ಹುಟ್ಟಿತೆಂದು ಯಾರೂ ಹೇಳುವುದಿಲ್ಲ. ಎರಡು ದಾರಿಯಲ್ಲಿ ಯಾವುದನ್ನು ಹಿಡಿದರೂ ನನ್ನ 1987ರ ಭಾಷಣ ನಿಲ್ಲುವುದಿಲ್ಲ.

ಹಳ್ಳಿಯ ಸಭೆಯಲ್ಲಿ ಅವಸರದ ಅಧ್ಯಾಪಕನೊಬ್ಬ ಮಾತ್ರ ಹೀಗೆ ಎಡವುತ್ತಾನೆಂದು ದಯವಿಟ್ಟು ಭಾವಿಸಬೇಡಿ. ಈ ಹರಳಿನ ಸುತ್ತ ಬಲ್ಲವರು ಕಟ್ಟಿದ ಕಥೆಗಳೇ ಹೆಚ್ಚು. 1739ರಲ್ಲಿ ನಾದಿರ್ ಷಾ ದೆಹಲಿಯನ್ನು ಸುಲಿದಾಗ, ಬಾದಶಹ ಮಹಮ್ಮದ್ ಷಾ ವಜ್ರವನ್ನು ಮುಂಡಾಸಿನಲ್ಲಿ ಬಚ್ಚಿಟ್ಟಿದ್ದನೆಂದೂ, ನಾದಿರ್ ಸ್ನೇಹದ ನೆವದಿಂದ ಮುಂಡಾಸು ಬದಲಾಯಿಸಿಕೊಂಡು ಅದನ್ನು ಕಬಳಿಸಿದನೆಂದೂ ಕೇಳಿದ್ದೇವೆ. ನಾಟಕಕ್ಕೆ ಬಹಳ ಒಪ್ಪುವ ದೃಶ್ಯ. ಆದರೆ ಈ ಕಥೆ ಲಿಖಿತವಾಗಿ ಪ್ರಚಾರಕ್ಕೆ ಬಂದುದು ಘಟನೆಯಾಗಿ ನೂರು ವರ್ಷ ಕಳೆದ ಮೇಲೆ, ಕಂಪನಿ ಸರ್ಕಾರದ ಅಧಿಕಾರಿಯೊಬ್ಬನು ದೆಹಲಿಯ ಪೇಟೆಯ ಮಾತುಗಳನ್ನು ಸಂಗ್ರಹಿಸಿ ಕೊಟ್ಟಾಗ. ಆ ಕಾಲಕ್ಕೆ ಹತ್ತಿರದವನಾದ ಮರ್ವಿ, ಹರಳು ಮಯೂರ ಸಿಂಹಾಸನದಲ್ಲಿ ಕೂಡಿಸಲ್ಪಟ್ಟಿತ್ತೆಂದು ಹೇಳುತ್ತಾನೆ. ಸಿಂಹಾಸನದಲ್ಲಿದ್ದ ಹರಳಿಗೆ ಮುಂಡಾಸಿನ ಹಂಗೇಕೆ? ಓರುಗಲ್ಲಿನ ಕಾಕತೀಯರ ದೇವಿಯ ಕಣ್ಣಾಗಿತ್ತು ಎಂಬ ಮಾತಿಗೂ ಸಮಕಾಲೀನ ಆಧಾರವಿಲ್ಲ. 1310ರಲ್ಲಿ ಮಲಿಕ್ ಕಾಫೂರ್ ಓರುಗಲ್ಲಿನಿಂದ ಅಪಾರ ರತ್ನಗಳನ್ನು ತಂದದ್ದು ನಿಜ, ಅವುಗಳಲ್ಲೊಂದನ್ನು ಅಮೀರ್ ಖುಸ್ರೊ ಅಸಮಾನವೆಂದು ಹೊಗಳಿದ್ದೂ ನಿಜ. ಹೊಗಳಿಕೆಯೊಂದರಿಂದ ಹರಳಿನ ಗುರುತು ಹತ್ತುವುದಿಲ್ಲ.

ಇತ್ತೀಚಿನ ಒಂದು ನಿದರ್ಶನ ಇನ್ನೂ ಗಂಭೀರವಾದುದು. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ನಿಂತ ಹಿರಿಯ ನ್ಯಾಯವಾದಿಗಳು, ಕೊಹಿನೂರ್ ಕದ್ದದ್ದೂ ಅಲ್ಲ, ಬಲವಂತದಿಂದ ಒಯ್ದದ್ದೂ ಅಲ್ಲ, ಸಿಖ್ ಯುದ್ಧಗಳಲ್ಲಿ ದೊರೆತ ನೆರವಿಗೆ ಪ್ರತಿಯಾಗಿ ಮಹಾರಾಜ ರಣಜಿತ್ ಸಿಂಗ್ ಕೊಟ್ಟದ್ದು ಎಂದು ಹೇಳಿದರು. ರಣಜಿತ್ ಸಿಂಗ್ ತೀರಿಕೊಂಡದ್ದು 1839ರಲ್ಲಿ. ಮೊದಲ ಸಿಖ್ ಯುದ್ಧ ನಡೆದದ್ದು 1845ರಲ್ಲಿ. ಸತ್ತು ಆರು ವರ್ಷವಾದ ಮೇಲೆ ನಡೆದ ಯುದ್ಧದ ನೆರವಿಗೆ ಒಬ್ಬನು ಕಾಣಿಕೆ ಕೊಡುವುದೆಂತು? 1849ರ ಮಾರ್ಚ್ 29ರ ಲಾಹೋರ್ ಒಪ್ಪಂದದ ಮೂರನೆಯ ಕಲಮಿನಲ್ಲಿ, ಲಾಹೋರಿನ ಮಹಾರಾಜ ಈ ಹರಳನ್ನು ಇಂಗ್ಲೆಂಡಿನ ರಾಣಿಗೆ ಒಪ್ಪಿಸತಕ್ಕದ್ದೆಂದು ಬರೆದಿದೆ. ಆ ಮಹಾರಾಜ ದುಲೀಪ್ ಸಿಂಗ್ ಆಗ ಹತ್ತು ವರ್ಷದ ಬಾಲಕ. ಅವನ ತಾಯಿಯನ್ನು ಅವನಿಂದ ಆಗಲೇ ಅಗಲಿಸಲಾಗಿತ್ತು. ಸೋತ ರಾಜ್ಯದ ಎಳೆಯ ಹುಡುಗನಿಂದ ಬರೆಸಿಕೊಂಡ ಕಾಗದವನ್ನು ಕಾಣಿಕೆಯೆಂದು ಕರೆಯುವ ಭಾಷೆ ನಮ್ಮ ಹಳ್ಳಿಯ ಪಂಚಾಯಿತಿಯಲ್ಲೂ ನಡೆಯದು. ಆ ಮಾತಿಗೆ ವಿರೋಧ ಬಂದ ಮೇಲೆ ಸರ್ಕಾರ, ಅದು ತನ್ನ ಅಂತಿಮ ನಿಲುವಲ್ಲವೆಂದು ತಿಳಿಸಿತು. ಆದರೂ ಒಂದು ಪಾಠ ಉಳಿಯಿತು. ಇಸವಿ ನೋಡದೆ ಆಡಿದ ಮಾತು, ಕಳೆದುಕೊಂಡವನನ್ನೇ ಕೊಟ್ಟವನನ್ನಾಗಿ ಮಾಡಬಲ್ಲುದು.

ಹಾಗಾದರೆ ಕಲ್ಯಾಣಕ್ಕೂ ವಜ್ರಗಳ ಕಥೆಗೂ ಸಂಬಂಧವೇ ಇಲ್ಲವೆ? ಒಂದಿದೆ, ಮತ್ತು ಅದು ನನ್ನ ಕಟ್ಟುಕಥೆಗಿಂತ ಸ್ವಾರಸ್ಯವಾದುದು. ಗೋಲ್ಕೊಂಡದ ವಜೀರನಾಗಿ ವಜ್ರದ ಗಣಿಗಳನ್ನು ಕೈಯಲ್ಲಿಟ್ಟುಕೊಂಡಿದ್ದ ಮೀರ್ ಜುಮ್ಲಾ ತನ್ನ ಸುಲ್ತಾನನನ್ನು ತೊರೆದು ಮೊಗಲರನ್ನು ಸೇರಿದ. ಷಹಜಹಾನನಿಗೆ ಅವನು ಒಂದು ದೊಡ್ಡ ವಜ್ರವನ್ನು ಒಪ್ಪಿಸಿದನೆಂದು ಆ ಕಾಲದ ಪ್ರವಾಸಿಗರು ಬರೆದಿದ್ದಾರೆ. 1657ರಲ್ಲಿ ಔರಂಗಜೇಬ್ ದಂಡೆತ್ತಿ ಬಂದು ಮೊದಲು ಬೀದರವನ್ನೂ ಆಮೇಲೆ ಕಲ್ಯಾಣದ ಕೋಟೆಯನ್ನೂ ಹಿಡಿದಾಗ ಅವನ ಜೊತೆಯಲ್ಲಿದ್ದವನು ಇದೇ ಮೀರ್ ಜುಮ್ಲಾ. ವಜ್ರದ ಒಡೆಯ ನಮ್ಮ ನೆಲಕ್ಕೆ ಬಂದದ್ದು ಹೌದು. ಬಂದದ್ದು ತೋಪುಗಳೊಡನೆ. ಊರು ಅವನಿಂದ ಪಡೆದದ್ದು ಮುತ್ತಿಗೆಯ ಸಂಕಟವನ್ನು. ಬಸವಕಲ್ಯಾಣದ ಕೋಟೆಯನ್ನು ನೋಡಲು ಹೋದವರು ಆ ಬೇಸಿಗೆಯ ದಿನಗಳನ್ನೊಮ್ಮೆ ನೆನೆಯಬೇಕು.

ಇಂಥ ಕಥೆಗಳು ನಮಗೇಕೆ ಬೇಕಾಗುತ್ತವೆ ಎಂಬುದನ್ನು ನಾನು ಬಹಳ ಯೋಚಿಸಿದ್ದೇನೆ. ಬೀದರವೆಂಬ ಹೆಸರು ಮಹಾಭಾರತದ ವಿದುರನಿಂದ ಬಂತೆನ್ನುವವರುಂಟು; ದಮಯಂತಿಯ ತವರಾದ ವಿದರ್ಭ ಇದೇ ಎನ್ನುವವರೂ ಉಂಟು. ಬಿದಿರಿನಿಂದ ಬಂದಿತೆಂದು ವಿದ್ವಾಂಸರು ಹೇಳುವ ಸಾದಾ ವಿವರಣೆ ಯಾರಿಗೂ ರುಚಿಸುವುದಿಲ್ಲ. ನಮ್ಮದು ಬಹುಕಾಲ ಹಿಂದುಳಿದ ಸೀಮೆಯೆನಿಸಿಕೊಂಡ ನಾಡು. ನಿಜಾಮನ ಆಳ್ವಿಕೆಯಲ್ಲಿ ಕನ್ನಡ ಶಾಲೆಗೆ ಪರದಾಡಿದವರು, 1948ರ ವರೆಗೆ ಸ್ವಾತಂತ್ರ್ಯಕ್ಕೆ ಕಾದವರು, 1956ರಲ್ಲಿ ಕನ್ನಡ ರಾಜ್ಯ ಸೇರಿದ ಮೇಲೂ ದೂರದವರಾಗಿ ಉಳಿದವರು ನಾವು. ಗೌರವದ ಹಸಿವು ಸಹಜ. ಆದರೆ ಹಸಿದವನಿಗೆ ಬಣ್ಣದ ಹಣ್ಣು ಕೊಟ್ಟು ಚಪ್ಪಾಳೆ ಗಿಟ್ಟಿಸುವುದು ಅಧ್ಯಾಪಕನ ಕೆಲಸವಲ್ಲ. ಆ ಊರಿನವರು ನನ್ನನ್ನು ನಂಬಿದರು. ಅವರ ಮಗ ಪರಸ್ಥಳದವರ ಮುಂದೆ ಅದನ್ನೇ ಆಡಿದ. ಮುಂದೊಂದು ದಿನ ಬಲ್ಲವನೊಬ್ಬನು ಅವನನ್ನು ಗೇಲಿಮಾಡಿದ್ದರೆ ಅವಮಾನ ಅವನದಾಗುತ್ತಿತ್ತು, ನನ್ನದಲ್ಲ.

ನಿವೃತ್ತನಾದ ಮೇಲೆ ನಾನು ಆ ಸೀಮೆಯ ಒಂದು ಶಾಲೆಗೆ ಹೋಗಿ ಮಕ್ಕಳ ಮುಂದೆ ಇಷ್ಟನ್ನೂ ಹೇಳಿದೆ. ಮಕ್ಕಳ ಮುಖ ಸಪ್ಪೆಯಾಯಿತು. ಒಬ್ಬಳು ಹುಡುಗಿ ಎದ್ದು, "ಹಂಗಾದ್ರ ನಮ್ ಕಡೆ ಏನೂ ಇಲ್ಲೇನ್ರಿ ಸರ್?" ಎಂದಳು. ಇದೆ ಎಂದೆ. ಕಲ್ಯಾಣದಲ್ಲಿ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಮಾನಸೋಲ್ಲಾಸವೆಂಬ ಗ್ರಂಥವನ್ನು ರಚಿಸಿದ. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಅಡುಗೆಯಿಂದ ಆನೆಯವರೆಗೆ, ಸಂಗೀತದಿಂದ ಚಿತ್ರಕಲೆಯವರೆಗೆ ಅರಸನೊಬ್ಬನು ಬಲ್ಲದ್ದೆಲ್ಲ ಇದೆ. ಭಂಡಾರವನ್ನು ಕುರಿತ ಭಾಗದಲ್ಲಿ ವಜ್ರ ಮುತ್ತು ಮಾಣಿಕ್ಯಗಳ ಗುಣದೋಷಗಳನ್ನು ಪರೀಕ್ಷಿಸುವ ಬಗೆಯನ್ನು ಅವನು ವಿವರಿಸುತ್ತಾನೆ. ನಮ್ಮ ನೆಲ ವಜ್ರವನ್ನು ಹೆರಲಿಲ್ಲ, ವಜ್ರವನ್ನು ಒರೆಹಚ್ಚಿ ನೋಡುವ ವಿದ್ಯೆಯನ್ನು ಬರೆದಿಟ್ಟಿತು. ಬೀದರ ಕೋಟೆಯ ಮಣ್ಣಿನ ಮಾತೂ ಹಾಗೆಯೇ. ಬಿದರಿ ಕಸಬಿನವರು ಆ ಮಣ್ಣನ್ನು ನವಸಾಗರದೊಡನೆ ಕಾಸಿ ಪಾತ್ರೆಗೆ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಅದರೊಳಗೆ ಕೂಡಿಸಿದ ಬೆಳ್ಳಿ ಬೆಳಗುತ್ತದೆ.

ಮತ್ತೊಂದು ಹೆಸರನ್ನೂ ಅವಳಿಗೆ ಹೇಳಿದೆ: ವಿಜ್ಞಾನೇಶ್ವರನ ಮಿತಾಕ್ಷರ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. ಗ್ರಂಥದ ಕೊನೆಯಲ್ಲಿ ಕಲ್ಯಾಣನಗರದ ಹೊಗಳಿಕೆಯಿದೆ. ಬಂಗಾಳ ಮತ್ತು ಅಸ್ಸಾಮಿನ ಕಡೆ ದಾಯಭಾಗ ನಡೆಯಿತು. ಉಳಿದ ಭಾರತದ ಬಹುಭಾಗದಲ್ಲಿ ಹಿಂದೂ ಮನೆತನಗಳ ಹೊಲಮನೆ ಹಂಚಿಕೆ ನಡೆದದ್ದು ಮಿತಾಕ್ಷರದ ಮೇರೆಗೆ. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯವಿಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷರ ನ್ಯಾಯಾಲಯಗಳೂ ಅದನ್ನೇ ಹಿಡಿದವು. ಕಿರೀಟದ ಹರಳನ್ನು ನೋಡಿದವರು ಕೆಲವೇ ಜನ. ಕಲ್ಯಾಣದಲ್ಲಿ ಬರೆದ ಈ ಗ್ರಂಥ, ಅದರ ಹೆಸರನ್ನೇ ಕೇಳದ ಕೋಟ್ಯಂತರ ರೈತರ ಬದುವಿನವರೆಗೆ ಬಂದು ಮುಟ್ಟಿತು.

ಅವಳು ಬಿಡಲಿಲ್ಲ. "ಅದರಾಗ ಹೆಣ್ಮಕ್ಕಳಿಗಿ ಪಾಲು ಇತ್ತೇನ್ರಿ?" ಎಂದು ಕೇಳಿದಳು. ಚಪ್ಪಾಳೆಯ ಆಸೆ ಇದ್ದಿದ್ದರೆ ಇತ್ತು ಎಂದುಬಿಡಬಹುದಾಗಿತ್ತು. 1987ರ ನಾನು ಹಾಗೆಯೇ ಹೇಳುತ್ತಿದ್ದೆನೋ ಏನೋ. ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಬರುವುದೆಂದು ಮಿತಾಕ್ಷರ ಹೇಳಿದ್ದು ಗಂಡುಮಕ್ಕಳಿಗೆ. ಹೆಣ್ಣುಮಕ್ಕಳಿಗೆ ಆ ಹಕ್ಕು ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ, ಅದಕ್ಕೆ ಮೊದಲು ಮದುವೆಯಾದವರನ್ನು ಬಿಟ್ಟು, ದೊರೆಯಿತು. 2005ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವಂತೆ ಕಾಯಿದೆ ಬದಲಾಯಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುವುದೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಇದನ್ನೆಲ್ಲ ಅವಳಿಗೆ ಇದ್ದಂತೆ ಹೇಳಿದೆ. "ಹಂಗಾದ್ರ ಈಗ ಅದ" ಎಂದು ಅವಳು ಕುಳಿತಳು. ಅವಳ ಮುಖದಲ್ಲಿ ಸಪ್ಪೆತನ ಇರಲಿಲ್ಲ. ನಿಜವನ್ನು ತಾಳಿಕೊಳ್ಳುವ ಶಕ್ತಿ ಮಕ್ಕಳಿಗೆ ಇಲ್ಲವೆಂದು ತಿಳಿದು ನಾವೇ ಅವರನ್ನು ಸಣ್ಣವರನ್ನಾಗಿ ಮಾಡುತ್ತೇವೆ.

ನಮ್ಮ ಹೆಮ್ಮೆಯ ಗ್ರಂಥಗಳನ್ನೂ ಹೀಗೆ ಒರೆಹಚ್ಚಿಯೇ ಓದಬೇಕು. ಕಾಶ್ಮೀರದಿಂದ ಬಂದು ಕಲ್ಯಾಣದ ಆಸ್ಥಾನದಲ್ಲಿ ನಿಂತ ಬಿಲ್ಹಣ ತನ್ನ ವಿಕ್ರಮಾಂಕದೇವಚರಿತದಲ್ಲಿ, ಅಣ್ಣ ಎರಡನೆಯ ಸೋಮೇಶ್ವರನನ್ನು ಕೆಳಗಿಳಿಸಿ ವಿಕ್ರಮಾದಿತ್ಯ ಸಿಂಹಾಸನವೇರಿದ್ದು ಶಿವನ ಆಜ್ಞೆಯಿಂದ ಎಂದು ಬಣ್ಣಿಸುತ್ತಾನೆ. ಆಸ್ಥಾನದ ಅನ್ನ ಉಂಡ ಕವಿ ಬೇರೆ ರೀತಿಯಲ್ಲಿ ಬರೆಯುವುದು ಕಷ್ಟ. ಕಾವ್ಯವನ್ನು ಕಾವ್ಯವಾಗಿ ಸವಿಯೋಣ. ಅಣ್ಣನ ಪಕ್ಷದ ಸಾಕ್ಷಿ ಅದರಲ್ಲಿ ಇಲ್ಲವೆಂಬುದನ್ನು ಮರೆಯದಿರೋಣ. 2019ರಲ್ಲಿ ನಮ್ಮ ಸೀಮೆಗೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂತು. ಹೆಸರಿನ ಜೊತೆಗೆ ಅದರ ಚರಿತ್ರೆಯನ್ನು ಇದ್ದಂತೆ ತಿಳಿಯುವ ಹೊಣೆಯೂ ಬಂತೆಂದು ನಾನು ಭಾವಿಸಿದ್ದೇನೆ.

ಆ ಹಿರಿಯ ರೈತರು ಯಾರೆಂದು ನಾನು ಅಂದು ಹೆಸರನ್ನೂ ಕೇಳಲಿಲ್ಲ. ಇನ್ನು ಮುಂದೆ ನೀವು ಯಾವುದೇ ಸಭೆಯಲ್ಲಿ, ನಮ್ಮೂರೇ ಲೋಕಕ್ಕೆ ಮೊದಲು, ನಮ್ಮವರೇ ಎಲ್ಲಕ್ಕೂ ಮೂಲ ಎಂಬ ಭಾಷಣ ಕೇಳಿದಾಗ, ಚಪ್ಪಾಳೆ ತಟ್ಟುವ ಮುನ್ನ ಅವರಂತೆ ಎದ್ದು, ವಿನಯದಿಂದ ಕೈಮುಗಿದು ಸರ್ವೆ ನಂಬರು ಕೇಳಿರಿ. ಭಾಷಣಕಾರನು ನಿಜವಾಗಿ ಬಲ್ಲವನಾದರೆ ಸಂತೋಷದಿಂದ ಹೇಳುತ್ತಾನೆ. ನನ್ನಂಥವನಾದರೆ ನಗುತ್ತಾನೆ. ಆಗ ನೀವು ನಗಬೇಡಿ.